ಹಾಲಿಗೆ ಸೋಲದ ಡಿಕಾಕ್ಷನ್

ಕರ್ನಾಟಕದ ಮನೆಗಳಲ್ಲಿ ಕುಡಿಯುವ ಕಾಫಿ ಬಹುಮಟ್ಟಿಗೆ ಹಾಲು ಬೆರೆತ ಕಾಫಿ, ಮತ್ತು ಕಾಫಿ ಮಾಡುವ ಸಲಕರಣೆಯನ್ನು ಆರಿಸುವವರು ಎಲ್ಲಕ್ಕಿಂತ ಮೊದಲು ಗಮನದಲ್ಲಿಡಬೇಕಾದ ಸಂಗತಿ ಇದೇ. ಈಗ ಇಲ್ಲಿನ ಅಂಗಡಿಗಳಲ್ಲಿ ಸಿಗುವ ಹಲವು ಉಪಕರಣಗಳು, ಹಾಲಿಲ್ಲದೆಯೋ ಒಂದೆರಡು ಚಮಚ ಹಾಲಿನೊಡನೆಯೋ ದೊಡ್ಡ ಬಟ್ಟಲಿನಲ್ಲಿ ತೆಳುವಾಗಿ ಕಾಫಿ ಕುಡಿಯುವ ಜನರಿಗಾಗಿ ರೂಪುಗೊಂಡವು; ಅವುಗಳಿಂದ ಇಳಿಸಿದ ಕಾಫಿಗೆ ಲೋಟದ ಮುಕ್ಕಾಲು ಪಾಲು ಬಿಸಿ ಹಾಲು ಹೊಯ್ದರೆ ಕೊನೆಗೆ ಸಿಗುವುದು ಕಾಫಿಯ ಬಣ್ಣ ಹತ್ತಿದ ಹಾಲು. ಆದ್ದರಿಂದ ಸ್ಟ್ರಾಂಗ್ ಕಾಫಿ ಬೇಕೆನ್ನುವ ಮನೆಗೆ ಯಾವ ಉಪಕರಣ ಒಳ್ಳೆಯದೆಂಬ ಪ್ರಶ್ನೆಯನ್ನು, ಮೂರು ಪಟ್ಟು ಹಾಲು ಬಿದ್ದರೂ ಸೋಲದಷ್ಟು ಗಟ್ಟಿಯಾದ ಡಿಕಾಕ್ಷನ್ ಯಾವುದರಿಂದ ಇಳಿಯುತ್ತದೆ ಎಂದು ಬದಲಿಸಿ ಕೇಳಿಕೊಳ್ಳುವುದು ಉಚಿತ.

ಈ ಗಟ್ಟಿತನವನ್ನು ಅಳೆಯಲು ಬರುತ್ತದೆ. ಹುರಿದ ಕಾಫಿಯ ತೂಕದಲ್ಲಿ ನೀರಿಗೆ ಕರಗಬಲ್ಲ ಅಂಶ ಸುಮಾರು ಶೇಕಡ 28ರಿಂದ 30ರಷ್ಟಿದ್ದು, ಉಳಿದದ್ದು ಬಹುಪಾಲು ಕರಗದ ನಾರು. ಕರಗುವ ಅಂಶಗಳಲ್ಲಿ ಹುಳಿ ಮತ್ತು ಪರಿಮಳಕ್ಕೆ ಕಾರಣವಾದವು ಬೇಗ ನೀರಿಗಿಳಿದರೆ, ಕಹಿ ಮತ್ತು ಒಗರು ತರುವವು ತಡವಾಗಿ ಇಳಿಯುತ್ತವೆ. 1950ರ ದಶಕದಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಅರ್ನೆಸ್ಟ್ ಲಾಕ್‌ಹಾರ್ಟ್ ಈ ವಿಷಯದಲ್ಲಿ ನಡೆಸಿದ ಕೆಲಸದ ಆಧಾರದ ಮೇಲೆ, ಪುಡಿಯ ತೂಕದ ಶೇಕಡ 18ರಿಂದ 22ರಷ್ಟನ್ನು ಮಾತ್ರ ಕರಗಿಸಿ ತೆಗೆದರೆ ರುಚಿ ಹದವಾಗಿರುತ್ತದೆಂಬ ಸೂತ್ರ ರೂಢಿಗೆ ಬಂದಿತು. ಪಾಶ್ಚಾತ್ಯ ದೇಶಗಳಲ್ಲಿ ಕುಡಿಯುವ ಸಾಮಾನ್ಯ ಸೋಸು-ಕಾಫಿಯಲ್ಲಿ ಕರಗಿದ ಅಂಶ ನೂರಕ್ಕೆ 1.15ರಿಂದ 1.45ರಷ್ಟಿದ್ದರೆ, ಎಸ್ಪ್ರೆಸೊದಲ್ಲಿ ಅದು 8ರಿಂದ 12ರವರೆಗೂ ಏರುತ್ತದೆ. ಇಲ್ಲಿನ ಸ್ಟೀಲ್ ಫಿಲ್ಟರಿನಲ್ಲಿ 30 ಗ್ರಾಂ ಪುಡಿಗೆ 150 ಮಿಲಿಲೀಟರ್ ನೀರು ಹಾಕಿದಾಗ, ಪುಡಿಯೇ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗಿಳಿಯುವುದು 90 ಮಿಲಿಲೀಟರಿನಷ್ಟು ಡಿಕಾಕ್ಷನ್. ಅದರ ಗಟ್ಟಿತನ ಲೆಕ್ಕಕ್ಕೆ ನೂರರಲ್ಲಿ 5ರ ಆಸುಪಾಸಿಗೆ ಬರುತ್ತದೆ. ಒಂದು ಪಾಲು ಡಿಕಾಕ್ಷನ್ನಿಗೆ ಮೂರು ಪಾಲು ಹಾಲು ಸೇರಿದ ಮೇಲೆ ಲೋಟದಲ್ಲಿ ಉಳಿಯುವ ಕಾಫಿಯ ಅಂಶ ಹೆಚ್ಚುಕಡಿಮೆ ಆ ಪಾಶ್ಚಾತ್ಯ ಕಾಫಿಯ ಮಟ್ಟದ್ದೇ ಆಗಿರುತ್ತದೆ ಎಂಬುದು ಕುತೂಹಲದ ಸಂಗತಿ.

ಸಲಕರಣೆಯಿಂದ ಆಗುವುದು ಇಷ್ಟೇ. ಕಹಿ ಮತ್ತು ಕೆಫೀನುಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಬೀಜ. ಕಾಫಿಯ ಉತ್ತೇಜಕ ಅಂಶವಾದ ಕೆಫೀನು ಅರೇಬಿಕಾ ಬೀಜದಲ್ಲಿ ಶೇಕಡ 1.2ರಷ್ಟಿದ್ದರೆ ರೊಬಸ್ಟಾದಲ್ಲಿ ಅದರ ಇಮ್ಮಡಿಗೆ ಹತ್ತಿರವಿರುತ್ತದೆ. ಕೊಡಗಿನಲ್ಲಿ ಹೇರಳವಾಗಿ ಬೆಳೆಯುವ ರೊಬಸ್ಟಾವನ್ನು ಚಿಕ್ಕಮಗಳೂರಿನ ಅರೇಬಿಕಾದೊಡನೆ ಬೆರೆಸಿದರೆ ಪರಿಮಳದ ಜೊತೆಗೆ ಹಾಲನ್ನು ಎದುರಿಸುವ ಕಸುವೂ ಬರುತ್ತದೆ. ಒಂದು ಬಗೆಯ ಗಿಡದ ಬೇರನ್ನು ಹುರಿದು ಪುಡಿಮಾಡಿದ ಚಿಕೋರಿಯಲ್ಲಿ ಕೆಫೀನು ಇಲ್ಲವೇ ಇಲ್ಲ. ಆದರೆ ಅದು ಕಾಫಿಗಿಂತ ಎಷ್ಟೋ ಹೆಚ್ಚು ಕರಗುವುದರಿಂದ ಡಿಕಾಕ್ಷನ್ ಕಪ್ಪಾಗಿ ಮಂದವಾಗಿ ಕಾಣುತ್ತದೆ, ಕುಡಿಯುವವರು ಅದನ್ನೇ ಕಾಫಿಯ ಕಸುವೆಂದು ತಿಳಿಯುವುದೂ ಉಂಟು. ಮಿಶ್ರಣದಲ್ಲಿ ಕಾಫಿಯ ಪಾಲು ಶೇಕಡ 51ಕ್ಕಿಂತ ಕಡಿಮೆಯಿರಕೂಡದೆಂದೂ ಪೊಟ್ಟಣದ ಮೇಲೆ ಪ್ರಮಾಣವನ್ನು ನಮೂದಿಸಬೇಕೆಂದೂ ದೇಶದ ಆಹಾರ ನಿಯಮ ಹೇಳುತ್ತದೆ. ಚಿಕೋರಿಯ ರುಚಿ ಹಲವರಿಗೆ ಬೇಕಾದದ್ದೇ, ಅದರಲ್ಲಿ ತಪ್ಪೇನಿಲ್ಲ. ಅರ್ಧದಷ್ಟು ಚಿಕೋರಿ ಇರುವ ಪುಡಿಗೆ ಹತ್ತಾರು ಸಾವಿರ ರೂಪಾಯಿಯ ಯಂತ್ರ ಕೊಳ್ಳುವುದು ಮಾತ್ರ ವ್ಯರ್ಥ.

ಸಲಕರಣೆಗಳಲ್ಲಿ ಮೊದಲ ಸ್ಥಾನ ಸಲ್ಲಬೇಕಾದದ್ದು ಪುಡಿಮಾಡುವ ಯಂತ್ರಕ್ಕೆ, ಆದರೆ ಕೊಳ್ಳುವವರ ಪಟ್ಟಿಯಲ್ಲಿ ಅದು ಕೊನೆಗಿರುತ್ತದೆ. ಮಿಕ್ಸಿಯ ಅಲಗು ಬೀಜವನ್ನು ಅರೆಯುವುದಿಲ್ಲ, ಸಿಕ್ಕಸಿಕ್ಕ ಕಡೆ ಹೊಡೆದು ಒಡೆಯುತ್ತದೆ. ಅದರಿಂದಾಗಿ ಒಂದೇ ಜಾರಿನಲ್ಲಿ ಹಿಟ್ಟಿನಂಥ ಧೂಳೂ ನುಚ್ಚಿನಂಥ ಚೂರೂ ಕೂಡಿರುತ್ತವೆ. ಬಿಸಿನೀರು ಬಿದ್ದಾಗ ಧೂಳಿನಿಂದ ಕಹಿಯೂ ಇಳಿದುಬಿಡುತ್ತದೆ, ಚೂರುಗಳಿಂದ ಹುಳಿಯಷ್ಟೇ ಬರುತ್ತದೆ, ಎರಡೂ ಸೇರಿದ ಡಿಕಾಕ್ಷನ್ ಒಮ್ಮೆಗೇ ಕಹಿಯೂ ನೀರೂ ಆಗಿರುತ್ತದೆ. ಬರ್ ಗ್ರೈಂಡರ್ ಎಂದು ಕರೆಯುವ ಯಂತ್ರದಲ್ಲಿ ಹಲ್ಲುಗಳುಳ್ಳ ಎರಡು ಉಕ್ಕಿನ ಅಥವಾ ಪಿಂಗಾಣಿಯ ಬಿಲ್ಲೆಗಳು ಎದುರುಬದುರಾಗಿದ್ದು, ಅವುಗಳ ನಡುವಿನ ಅಂತರವನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ಆ ಅಂತರಕ್ಕಿಂತ ದಪ್ಪನೆಯ ಚೂರು ಹೊರಬೀಳಲಾರದು. ರಾಗಿ ಬೀಸುವ ಕಲ್ಲಿನ ತತ್ವವೇ ಇದು. ಕೈಯಿಂದ ತಿರುಗಿಸುವ ಬರ್ ಗ್ರೈಂಡರುಗಳು ವಿದ್ಯುತ್ತಿನವಕ್ಕಿಂತ ಅಗ್ಗವಾಗಿದ್ದು, ಇಬ್ಬರು ಮೂವರಿರುವ ಮನೆಗೆ ಸಾಕಾಗುತ್ತವೆ. ಎಂಟು ಹತ್ತು ಲೋಟ ಕಾಫಿಯಾಗುವ ಮನೆಯಲ್ಲಿ ಅವು ತೋಳಿಗೆ ಶಿಕ್ಷೆ. ಫಿಲ್ಟರಿಗೆ ಪುಡಿ ಚಿರೋಟಿ ರವೆಗಿಂತ ತುಸು ನಯವಾಗಿರಬೇಕು, ಮೈದಾದಷ್ಟು ನುಣ್ಣಗಾಗಕೂಡದು. ಚಿಕೋರಿ ಬೇಕಾದವರು ಅದನ್ನು ಬೀಜದೊಡನೆ ಗ್ರೈಂಡರಿಗೆ ಹಾಕದೆ ಆಮೇಲೆ ಬೆರೆಸಿಕೊಳ್ಳಬೇಕು, ಏಕೆಂದರೆ ಗಾಳಿಯ ತೇವವನ್ನು ಬೇಗ ಹೀರುವ ಅದು ಹಲ್ಲುಗಳಿಗೆ ಅಂಟಿಕೊಳ್ಳುತ್ತದೆ. ಮನೆಯಲ್ಲಿ ಪುಡಿ ಮಾಡುವ ಉತ್ಸಾಹವಿಲ್ಲದವರಿಗೂ ದಾರಿಯಿದೆ: ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಬೀಜವನ್ನು ಕಣ್ಣೆದುರೇ ಪುಡಿಮಾಡಿಕೊಡುವ ಅಂಗಡಿಗಳು ಇನ್ನೂ ಇವೆ. ಅಲ್ಲಿ ತಿಂಗಳಿಗೆ ಒಮ್ಮೆ ಒಂದು ಕೇಜಿ ತರುವುದಕ್ಕಿಂತ ವಾರಕ್ಕೊಮ್ಮೆ ಕಾಲು ಕೇಜಿ ತರುವುದು ಲೇಸು, ಏಕೆಂದರೆ ಇಡೀ ಬೀಜದಲ್ಲಿ ವಾರಗಟ್ಟಲೆ ಉಳಿಯುವ ಪರಿಮಳ ಪುಡಿಯಾದ ಮೇಲೆ ಕೆಲವೇ ದಿನಗಳಲ್ಲಿ ಹೋಗುತ್ತದೆ.

ಎರಡನೆಯ ಸ್ಥಾನ, ಕೆಲವೇ ನೂರು ರೂಪಾಯಿಗೆ ಸಿಗುವ ಫಿಲ್ಟರಿನದು. ತಳದಲ್ಲಿ ಸಣ್ಣ ತೂತುಗಳಿರುವ ಮೇಲಿನ ಪಾತ್ರೆ, ಡಿಕಾಕ್ಷನ್ ಸಂಗ್ರಹವಾಗುವ ಕೆಳಗಿನ ಪಾತ್ರೆ, ಪುಡಿಯ ಮೇಲೆ ಇಡುವ ಕಡ್ಡಿಯುಳ್ಳ ತೂತಿನ ಬಿಲ್ಲೆ ಮತ್ತು ಮುಚ್ಚಳ ಎಂಬ ನಾಲ್ಕು ಭಾಗಗಳ ಈ ಸಾಧನಕ್ಕೆ ಕಾಗದವೂ ಬೇಡ, ವಿದ್ಯುತ್ತೂ ಬೇಡ. ಭೂಮಿಯ ಸೆಳೆತವೊಂದರಿಂದಲೇ ಅದು ಕೆಲಸ ಮಾಡುತ್ತದೆ. ವಿಯೆಟ್ನಾಮಿನ ಜನ ಬಳಸುವ ‘ಫಿನ್’ ಎಂಬ ಸಾಧನದ ರಚನೆಯೂ ಇದಕ್ಕೆ ಬಹಳ ಹತ್ತಿರ, ಮತ್ತು ಅಲ್ಲಿನವರೂ ಮಂದವಾದ ಸಿಹಿ ಹಾಲಿನೊಡನೆ ಕಾಫಿ ಕುಡಿಯುವವರೆಂಬುದು ಆಕಸ್ಮಿಕವಾಗಿರಲಾರದು. ಫಿಲ್ಟರ್ ಕೊಳ್ಳುವಾಗ ಆಗುವ ದೊಡ್ಡ ತಪ್ಪು ಅಳತೆಯದು. ನೆಂಟರು ಬಂದಾಗ ಬೇಕಾಗುತ್ತದೆಂದು ದೊಡ್ಡ ಫಿಲ್ಟರ್ ತಂದು ದಿನವೂ ಅದರಲ್ಲಿ ಮೂರು ಚಮಚ ಪುಡಿ ಹಾಕಿದರೆ ಪುಡಿಯ ಪದರ ತೀರ ತೆಳುವಾಗಿ, ನೀರು ಅದರೊಳಗೆ ನಿಲ್ಲದೆ ಜಾರಿಹೋಗುತ್ತದೆ. ಮೇಲಿನ ಪಾತ್ರೆಯ ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ, ಅರ್ಧವನ್ನು ಮೀರದಂತೆ ಪುಡಿ ತುಂಬಿದಾಗಲೇ ನೀರು ಪದರದಿಂದ ಪದರಕ್ಕೆ ಇಳಿಯುತ್ತ ಗಟ್ಟಿಯಾಗುವುದರಿಂದ, ದಿನನಿತ್ಯಕ್ಕೆ ಸಣ್ಣದೊಂದು, ನೆಂಟರಿಗೆ ದೊಡ್ಡದೊಂದು ಇಟ್ಟುಕೊಳ್ಳುವುದೇ ಜಾಣತನ. ಅಂಗಡಿಯಲ್ಲಿ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ತೂತುಗಳು ಒತ್ತಾಗಿ, ಒಂದೇ ಗಾತ್ರದಲ್ಲಿ, ಸೂಜಿಮೊನೆಯಷ್ಟು ಸಣ್ಣದಾಗಿವೆಯೇ ಎಂದು ನೋಡಬೇಕು. ಎರಡು ಪಾತ್ರೆಗಳು ಅಲುಗಾಡದೆ ಕೂರಬೇಕು, ಆದರೆ ಗಾಳಿ ಹೊರಹೋಗದಷ್ಟು ಬಿಗಿಯಾಗಿಯೂ ಇರಬಾರದು. ಕೆಳಗಿನ ಗಾಳಿ ಸಿಕ್ಕಿಕೊಂಡರೆ ಡಿಕಾಕ್ಷನ್ ಅರ್ಧದಲ್ಲೇ ನಿಲ್ಲುತ್ತದೆ, ಆಗ ಮೇಲಿನ ಪಾತ್ರೆಯನ್ನು ಒಮ್ಮೆ ಮೆಲ್ಲಗೆ ಎತ್ತಿ ಇಟ್ಟರೆ ಮತ್ತೆ ಇಳಿಯತೊಡಗುತ್ತದೆ. ನೀರು ಹಾಕಿದ ಮೇಲೆ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಇಳಿದು ಮುಗಿದರೆ ಪುಡಿ, ಪದರ, ತೂತು ಮೂರೂ ಹೊಂದಿವೆಯೆಂದರ್ಥ.

ಹಿತ್ತಾಳೆಯ ಫಿಲ್ಟರಿಗೆ ಈಚೆಗೆ ಮತ್ತೆ ಬೇಡಿಕೆ ಬಂದಿದೆ. ಅದು ಶಾಖವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆಂಬ ಮಾತು ಪೂರ್ತಿ ನಿಜವಲ್ಲ: ಹಿತ್ತಾಳೆ ಸ್ಟೀಲಿಗಿಂತ ಹಲವು ಪಟ್ಟು ಬೇಗ ಶಾಖವನ್ನು ಹೊರಗೆ ಸಾಗಿಸುವ ಲೋಹ, ಹಳೆಯ ಹಿತ್ತಾಳೆ ಪಾತ್ರೆಗಳ ಬಿಸಿ ನಿಲ್ಲುತ್ತಿದ್ದದ್ದು ಅವುಗಳ ದಪ್ಪದಿಂದ. ಕಾಫಿ ಸ್ವಲ್ಪ ಆಮ್ಲಗುಣದ ಪಾನೀಯವಾದ್ದರಿಂದ ಒಳಗೆ ಕಲಾಯಿ ಇಲ್ಲದ ಹಿತ್ತಾಳೆ ಸಲ್ಲದು. ಸ್ಟೀಲಿನದನ್ನು ಬಿಸಿನೀರಿನಿಂದ ಒಮ್ಮೆ ತೊಳೆದು ಬೆಚ್ಚಗಾಗಿಸಿ ಬಳಸಿದರೆ ಅದು ಹಿತ್ತಾಳೆಗೆ ಯಾವ ರೀತಿಯಲ್ಲೂ ಕಡಿಮೆಯಲ್ಲ.

ಇಪ್ಪತ್ತು ನಿಮಿಷ ಕಾಯಲು ವ್ಯವಧಾನವಿಲ್ಲದ ಮನೆಗೆ ಮೋಕಾ ಪಾಟ್ ಹೊಂದುತ್ತದೆ. ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿಯ ಹೆಸರಿನೊಡನೆ 1933ರಿಂದ ಬಳಕೆಗೆ ಬಂದ ಈ ಎಂಟು ಮೂಲೆಯ ಪಾತ್ರೆಯ ಕೆಳಭಾಗದಲ್ಲಿ ನೀರು ಕಾದಂತೆ ಹಬೆಯ ಒತ್ತಡ ಹೆಚ್ಚಿ, ಬಿಸಿನೀರು ನಡುವಿನ ಪುಡಿಯ ಮೂಲಕ ಮೇಲಿನ ಭಾಗಕ್ಕೆ ಏರುತ್ತದೆ. ಐದಾರು ನಿಮಿಷಗಳಲ್ಲಿ ಸಿಗುವ ಈ ಕಾಫಿ ಎಸ್ಪ್ರೆಸೊ ಅಲ್ಲದಿದ್ದರೂ ಹಾಲನ್ನು ತಾಳಿಕೊಳ್ಳುವಷ್ಟು ಗಟ್ಟಿಯಾಗಿರುತ್ತದೆ. ಡಬ್ಬಿಯ ಮೇಲೆ ‘3 ಕಪ್’ ಎಂದಿರುವುದು ಇಟಲಿಯ ಪುಟ್ಟ ಕಪ್ಪಿನ ಲೆಕ್ಕವೆಂಬುದನ್ನೂ, ಅಲ್ಯುಮಿನಿಯಮಿನದು ಇಂಡಕ್ಷನ್ ಒಲೆಯ ಮೇಲೆ ಕಾಯುವುದಿಲ್ಲವೆಂಬುದನ್ನೂ ಕೊಳ್ಳುವ ಮುನ್ನ ತಿಳಿದಿರಬೇಕು. ಪುಡಿಯನ್ನು ಒತ್ತಿ ತುಂಬಕೂಡದು, ಉರಿ ಸಣ್ಣಗಿರಬೇಕು.

ಎಸ್ಪ್ರೆಸೊ ಯಂತ್ರದ ಆಕರ್ಷಣೆಯೇ ಬೇರೆ, ಮತ್ತು ಹಣ ಪೋಲಾಗುವುದೂ ಹೆಚ್ಚಾಗಿ ಅಲ್ಲಿಯೇ. 1884ರಲ್ಲಿ ಟ್ಯೂರಿನ್ನಿನ ಆಂಜೆಲೊ ಮೊರಿಯೊಂಡೊ, 1901ರಲ್ಲಿ ಮಿಲಾನಿನ ಲುಯಿಜಿ ಬೆಜ್ಜೆರಾ ಪೇಟೆಂಟ್ ಪಡೆದ ಯಂತ್ರಗಳು ಹಬೆಯಿಂದ ನಡೆಯುತ್ತಿದ್ದವು. ವಾತಾವರಣದ ಒತ್ತಡದ ಸುಮಾರು ಒಂಬತ್ತರಷ್ಟು, ಅಂದರೆ 9 ಬಾರ್ ಒತ್ತಡದಲ್ಲಿ ನೀರನ್ನು ನುಗ್ಗಿಸಿ ಮೇಲೆ ಹೊಂಬಣ್ಣದ ನೊರೆ ಬರಿಸುವ ವಿಧಾನ ನೆಲೆಗೊಂಡದ್ದು ಎರಡನೇ ಮಹಾಯುದ್ಧದ ನಂತರ, ಅಕಿಲ್ಲೆ ಗಾಜ್ಜಿಯಾನ ಸನ್ನೆಕೋಲಿನ ಯಂತ್ರದಿಂದ. ಇಂದು ಮನೆಗೆಂದು ಅಗ್ಗವಾಗಿ ಮಾರುವ ಕೆಲವು ಯಂತ್ರಗಳು ಆ ಹಳೆಯ ಹಬೆಯ ಪದ್ಧತಿಯವೇ. ಅವುಗಳ ನೀರು ಅತಿಯಾಗಿ ಕಾದು ಕಾಫಿಗೆ ಸುಟ್ಟ ಕಹಿ ಬರುತ್ತದೆ. ಪಂಪಿರುವ ಯಂತ್ರವೇ ನಿಜವಾದದ್ದು, ಆದರೆ ಡಬ್ಬಿಯ ಮೇಲೆ 15 ಬಾರ್, 20 ಬಾರ್ ಎಂದು ದಪ್ಪಕ್ಷರದಲ್ಲಿ ಬರೆದಿರುವುದಕ್ಕೆ ಮರುಳಾಗಬೇಕಿಲ್ಲ. ಪುಡಿಯ ಬಳಿ ಬೇಕಾದದ್ದು ಒಂಬತ್ತೇ. ಪುಡಿಯ ನಯದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ 25ರಿಂದ 30 ಸೆಕೆಂಡಿನಲ್ಲಿ ಮುಗಿಯಬೇಕಾದ ಕೆಲಸ ಹತ್ತಕ್ಕೋ ಅರುವತ್ತಕ್ಕೋ ಹೋಗುವುದರಿಂದ, ಯಂತ್ರಕ್ಕೆ ಕೊಟ್ಟಷ್ಟಕ್ಕೆ ಹತ್ತಿರದ ಹಣವನ್ನು ಗ್ರೈಂಡರಿಗೂ ತೆಗೆದಿಡಲಾಗದವರು ಯಂತ್ರದ ಯೋಚನೆಯನ್ನು ಬಿಡುವುದೇ ಮೇಲು.

ಗಾಜಿನ ಪಾತ್ರೆಯಲ್ಲಿ ಪುಡಿ ನೆನೆಸಿ ಜಾಲರಿಯಿಂದ ಅದುಮುವ ಫ್ರೆಂಚ್ ಪ್ರೆಸ್, 1908ರಲ್ಲಿ ಜರ್ಮನಿಯ ಮೆಲಿಟಾ ಬೆಂಟ್ಸ್ ಬಳಕೆಗೆ ತಂದ ಕಾಗದದ ಸೋಸುಕ ಇವೆರಡೂ ಹಾಲಿಲ್ಲದ ಕಾಫಿಗೆ ಸೊಗಸಾದವು, ಹಾಲಿನ ಕಾಫಿಗೆ ತಕ್ಕವಲ್ಲ. ಕಾಗದಕ್ಕೆ ಒಂದು ಹೆಚ್ಚುಗಾರಿಕೆಯಿದೆ: ರಕ್ತದ ಕೊಲೆಸ್ಟರಾಲನ್ನು ಏರಿಸುವ ಕೆಫೆಸ್ಟಾಲ್ ಎಂಬ ಎಣ್ಣೆಯಂಶವನ್ನು ಅದು ತಡೆಯುತ್ತದೆ, ಲೋಹದ ತೂತುಗಳು ಅಷ್ಟಾಗಿ ತಡೆಯುವುದಿಲ್ಲ.

ಇವೆಲ್ಲಕ್ಕಿಂತ ಕಡಿಮೆ ಬೆಲೆಗೆ ಹೆಚ್ಚು ಫಲ ಕೊಡುವ ವಸ್ತು ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ. ಚಮಚದ ಅಳತೆ ಪುಡಿ ತರಿಯೋ ನಯವೋ ಎಂಬುದರ ಮೇಲೆ ದಿನಕ್ಕೊಂದು ತೂಕವಾಗುತ್ತದೆ, ಗ್ರಾಮಿನ ಲೆಕ್ಕ ಬದಲಾಗುವುದಿಲ್ಲ. ಥರ್ಮಾಮೀಟರು ಬೇಕೇಬೇಕೆಂದಿಲ್ಲ: ಕಾಫಿಗೆ ಬೇಕಾದ ನೀರಿನ ಬಿಸಿ 90ರಿಂದ 96 ಡಿಗ್ರಿ ಸೆಲ್ಸಿಯಸ್, ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಆದ್ದರಿಂದ ಅಲ್ಲಿ ಕುದಿ ಬಂದೊಡನೆ ಹೊಯ್ಯಬಹುದು. ಮಂಗಳೂರಿನಲ್ಲಿ ಒಲೆಯಿಂದಿಳಿಸಿ ಅರ್ಧ ನಿಮಿಷ ಬಿಡಬೇಕು. ಕೊಳವೆಬಾವಿಯ ಗಡಸು ನೀರು ರುಚಿಯನ್ನು ಮಂಕುಮಾಡುವುದಲ್ಲದೆ ವಿದ್ಯುತ್ ಯಂತ್ರಗಳ ಕೊಳವೆಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ, ಅದನ್ನು ಆಗಾಗ ನಿಂಬೆಹುಳಿಯ ದ್ರಾವಣದಿಂದ ತೆಗೆಯಬೇಕಾಗುತ್ತದೆ.

ಫಿಲ್ಟರಿಗೆ ಅಂಥ ಕಾಟವಿಲ್ಲ, ಆದರೆ ಅದರ ತೂತುಗಳಲ್ಲಿ ಕಾಫಿಯ ಎಣ್ಣೆಯೂ ಗಸಿಯೂ ಸೇರಿಕೊಂಡು ಡಿಕಾಕ್ಷನ್ ಇಳಿಯುವುದು ದಿನೇದಿನೇ ನಿಧಾನವಾಗುತ್ತದೆ, ಹಳಸಿದ ಎಣ್ಣೆಯ ವಾಸನೆ ಹೊಸ ಪುಡಿಗೂ ಹತ್ತುತ್ತದೆ. ಸ್ಟೀಲ್ ಫಿಲ್ಟರಿನ ಮೇಲಿನ ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ತಳವನ್ನು ಗ್ಯಾಸಿನ ಉರಿಗೆ ತುಸು ಹೊತ್ತು ತೋರಿಸಿ, ಆರಿದ ಮೇಲೆ ಬ್ರಷ್ಷಿನಿಂದ ಉಜ್ಜಿದರೆ ಸಿಕ್ಕಿಕೊಂಡ ಪುಡಿ ಕರಕಲಾಗಿ ಉದುರುತ್ತದೆ. ಕಲಾಯಿ ಹಾಕಿದ ಹಿತ್ತಾಳೆ ಫಿಲ್ಟರಿಗೆ ಮಾತ್ರ ಈ ಉಪಾಯ ಕೂಡದು: ಕಲಾಯಿಯ ತವರ 232 ಡಿಗ್ರಿಗೇ ಕರಗುವ ಲೋಹವಾದ್ದರಿಂದ, ಅಂಥ ಫಿಲ್ಟರನ್ನು ಕುದಿವ ನೀರಿನಲ್ಲಿ ನೆನೆಹಾಕಿ ಒಂದೊಂದೇ ತೂತನ್ನು ಸೂಜಿಯಿಂದ ಬಿಡಿಸಬೇಕಾಗುತ್ತದೆ.