ನಿಮಗಿದು ಗೊತ್ತೇ? ಮಿಸಿಸಿಪ್ಪಿಯ ಹತ್ತಿ, ಸೂರತ್ತಿನ ಹಾಳಿ

ಐದು ಮಂದಿಯನ್ನು ಎಣಿಸಿ ಮೂರು ಎಂದು ಬರೆದುಕೊಳ್ಳುವ ಲೆಕ್ಕ ಎಲ್ಲಾದರೂ ಉಂಟೆ? ಅಮೆರಿಕದ ಸಂವಿಧಾನದಲ್ಲಿ ಇತ್ತು. 1787ರಲ್ಲಿ ಅದನ್ನು ಬರೆಯಲು ಫಿಲಡೆಲ್ಫಿಯಾದಲ್ಲಿ ಸೇರಿದಾಗ ದಕ್ಷಿಣದವರು ತಮ್ಮ ಗುಲಾಮರನ್ನೂ ಜನಸಂಖ್ಯೆಗೆ ಸೇರಿಸಿ ಹೆಚ್ಚು ಸೀಟು ಕೊಡಿ ಎಂದರು, ಉತ್ತರದವರು ಒಪ್ಪಲಿಲ್ಲ. ಕೊನೆಗೆ ಐದರಲ್ಲಿ ಮೂರು ಪಾಲು ಎಂದು ರಾಜಿಯಾಯಿತು. ಗುಲಾಮನಿಗೆ ಓಟಿಲ್ಲ, ಆದರೆ ಅವನ ತಲೆ ಎಣಿಸಿ ಬಂದ ಸೀಟು ಒಡೆಯರ ಪಾಲಿಗೆ!

ಆ ದೇಶದಲ್ಲಿ 1790ರಲ್ಲಿ ಸುಮಾರು 7 ಲಕ್ಷ ಗುಲಾಮರಿದ್ದರು. 1860ರ ಹೊತ್ತಿಗೆ 40 ಲಕ್ಷದ ಹತ್ತಿರ. ನಡುವೆ ಬಂದದ್ದು ಒಂದು ಯಂತ್ರ: 1793ರಲ್ಲಿ ಎಲೈ ವಿಟ್ನಿ ಮಾಡಿದ, ಹತ್ತಿಯಿಂದ ಬೀಜ ಬಿಡಿಸುವ ಜಿನ್. ಬೀಜ ಬಿಡಿಸುವುದು ಸುಲಭವಾದಂತೆ ಹತ್ತಿ ಹೊಲ ಹಿಗ್ಗಿತು, ಹೊಲಕ್ಕೆ ಆಳು ಬೇಕಾಯಿತು. 1820ರಲ್ಲಿ ಮಿಸೌರಿ ರಾಜ್ಯವನ್ನು ಸೇರಿಸಿಕೊಳ್ಳುವಾಗ ನಕ್ಷೆಯ ಮೇಲೆ 36 ಡಿಗ್ರಿ 30 ಮಿನಿಟಿನ ಗೆರೆಯನ್ನೇ ಗಡಿ ಮಾಡಿದರು. ಪಶ್ಚಿಮದ ಹೊಸ ಸೀಮೆಯಲ್ಲಿ, ಮಿಸೌರಿ ಒಂದನ್ನು ಬಿಟ್ಟು, ಗೆರೆಯ ಮೇಲೆ ಗುಲಾಮಗಿರಿ ಇಲ್ಲ, ಕೆಳಗೆ ಉಂಟು.

ಇದರಲ್ಲಿ ನಮ್ಮ ಧಾರವಾಡಕ್ಕೇನು ಕೆಲಸ? ಉಂಟು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ 10 ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತು. ಮ್ಯಾಂಚೆಸ್ಟರಿನ ಗಿರಣಿಗಳು ಅಮೆರಿಕ ಒಂದನ್ನೇ ನಂಬಿ ಕೂರುವುದು ಬೇಡ ಎಂಬ ಲೆಕ್ಕಾಚಾರ. ಗುಜರಾತಿನ ಪ್ರಯೋಗ ಕೈಕೊಟ್ಟಿತು, ಹುಬ್ಬಳ್ಳಿ-ಗದಗಿನ ಕರಿಮಣ್ಣಿನಲ್ಲಿ ಮಾತ್ರ ನ್ಯೂ ಆರ್ಲಿಯನ್ಸಿನ ಬೀಜ ಬೇರೂರಿತು. ಆ ಹತ್ತಿಗೆ ಪೇಟೆಯಲ್ಲಿ ‘ಧಾರವಾಡ-ಅಮೆರಿಕನ್’ ಎಂದೇ ಹೆಸರಾಯಿತು, ಗರಗಸದ ಹಲ್ಲಿನ ಜಿನ್ನೂ ಅದರ ಬೆನ್ನಿಗೇ ಬಂತು.

1861ರಲ್ಲಿ ಉತ್ತರ-ದಕ್ಷಿಣದ ಜಗಳ ಯುದ್ಧವಾಯಿತು, ಅಮೆರಿಕದ ಹತ್ತಿ ನಿಂತಿತು, ಭಾರತದ ಹತ್ತಿಗೆ ಬಂಗಾರದ ಬೆಲೆ ಬಂತು. ಲ್ಯಾಂಕಶೈರಿನ ನೇಕಾರರು ಅದನ್ನು ‘ಸೂರತ್’ ಎಂದು ಕರೆದು, ಎಳೆ ಗಿಡ್ಡ, ಕಸ ಜಾಸ್ತಿ ಎಂದು ಶಪಿಸುತ್ತಿದ್ದರು. ಅಲ್ಲಿ ‘ಸೂರತ್’ ಎಂದರೆ ಕಲಬೆರಕೆ ಎಂದಾಯಿತು. ತಮ್ಮ ಬಿಯರನ್ನು ಹಾಗೆ ಕರೆದರೆಂದು ತಯಾರಕರು ಮಾನನಷ್ಟದ ದಾವೆಯನ್ನೂ ಹೂಡಿದರು. ಇತ್ತ ಸೂರತ್ತಿನಲ್ಲೇ ಹುಟ್ಟಿದ ಪ್ರೇಮಚಂದ್ ರಾಯಚಂದ್ ಮುಂಬೈಯ ಹತ್ತಿ ದೊರೆಯಾದರು. ತಾಯಿ ರಾಜಾಬಾಯಿಯ ಹೆಸರಲ್ಲಿ ಅವರು ಕೊಟ್ಟ ಹಣದ ಗಡಿಯಾರ ಗೋಪುರ ಇವತ್ತೂ ಮುಂಬೈ ವಿಶ್ವವಿದ್ಯಾಲಯದ ಅಂಗಳದಲ್ಲಿದೆ. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು, ಪ್ರೇಮಚಂದರೂ ಬಿದ್ದರು.

ಈಗ ಸೂರತ್ತಿನ ಹೊಲಕ್ಕೇ ಇಳಿಯೋಣ. ಇಂದು ತಾಪಿಯ ದಂಡೆಯಲ್ಲಿ ಫ್ಲ್ಯಾಟು, ಮಾಲುಗಳಿಂದ ತುಂಬಿರುವ ಅಡಾಜಣ್ ಹಿಂದೆ ಚೋರ್ಯಾಸಿ ತಾಲ್ಲೂಕಿನ ಹಳ್ಳಿ. ಈ ಸೀಮೆಯ ಬೇಸಾಯ ನಿಂತದ್ದು ‘ಹಾಳಿ’ಗಳ, ಅಂದರೆ ಸಾಲಕ್ಕೆ ಕಟ್ಟುಬಿದ್ದ ಆಳುಗಳ, ಬೆನ್ನ ಮೇಲೆ. ಹಾಳಿಗಳು ಹೆಚ್ಚಾಗಿ ದುಬ್ಳಾ ಸಮುದಾಯದವರು, ಭೂಮಾಲೀಕರು ಅನಾವಿಲ್ ಬ್ರಾಹ್ಮಣರು, ಪಾಟೀದಾರರು. ಹುಡುಗನಿಗೆ ಮದುವೆ ಗೊತ್ತಾಗುತ್ತದೆ, ಕೈಯಲ್ಲಿ ಕಾಸಿಲ್ಲ, ಧಣಿ ಖರ್ಚು ಕೊಡುತ್ತಾನೆ. ಅಂದಿನಿಂದ ಅವನು ಹಾಳಿ. ದಿನದ ಕೂಲಿ ಕಾಳಿನಲ್ಲಿ, ವರ್ಷಕ್ಕಿಷ್ಟು ಬಟ್ಟೆ. ಮದುಮಗಳು ಧಣಿಯ ಮನೆಯ ಕೊಟ್ಟಿಗೆ ಗುಡಿಸಬೇಕು, ನೀರು ಹೊರಬೇಕು. ಮಳೆಗಾಲದಲ್ಲಿ ಕಾಳು ಸಾಲದೆ ಇನ್ನಷ್ಟು ಸಾಲ ಏರುತ್ತದೆ. ಮಗ ದೊಡ್ಡವನಾದಾಗ ಅವನ ಮದುವೆಗೂ ಅದೇ ಮನೆ, ಅದೇ ಧಣಿ. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1960ರ ದಶಕದಿಂದ ಇಲ್ಲಿನ ಹಳ್ಳಿಗಳಿಗೆ ಬಂದು ಇದನ್ನು ಅಧ್ಯಯನ ಮಾಡಿದರು.

ಬ್ರಿಟಿಷರು ಗುಲಾಮಗಿರಿ ರದ್ದು ಮಾಡಿರಲಿಲ್ಲವೇ? 1833ರ ಕಾಯ್ದೆ ಕಂಪನಿಯ ಸೀಮೆಯನ್ನು ಜಾಣತನದಿಂದ ಹೊರಗಿಟ್ಟಿತು. 1843ರ ಐದನೇ ಕಾಯ್ದೆಯೂ ಒಡೆಯನ ಹಕ್ಕನ್ನು ಕೋರ್ಟು ಎತ್ತಿಹಿಡಿಯದು ಎಂದಿತೇ ಹೊರತು ಗುಲಾಮರನ್ನು ಇಟ್ಟುಕೊಳ್ಳುವುದು ಅಪರಾಧ ಎನ್ನಲಿಲ್ಲ. ಇನ್ನು ಹಾಳಿಯಂತೂ ಕಾಗದದಲ್ಲಿ ಗುಲಾಮನೇ ಅಲ್ಲ, ಬರೀ ಸಾಲಗಾರ.

ಇದೇ ಸೂರತ್ ಸೀಮೆಯಲ್ಲಿ ನಡೆದ 1928ರ ಬಾರ್ಡೋಲಿ ಸತ್ಯಾಗ್ರಹ ಶಾಲೆಯ ಪುಸ್ತಕದಲ್ಲೇ ಇದೆ. ಶೇ 22ರಷ್ಟು ಏರಿದ್ದ ಕಂದಾಯ ವಿಚಾರಣೆಯ ನಂತರ ಸುಮಾರು ಶೇ 6ಕ್ಕೆ ಇಳಿಯಿತು, ಅದನ್ನು ಮುನ್ನಡೆಸಿದ ವಲ್ಲಭಭಾಯಿ ಪಟೇಲರು ‘ಸರ್ದಾರ’ರಾದರು. ಆದರೆ ಅದು ಜಮೀನಿದ್ದವರ ಹೋರಾಟ. ಅದೇ ತಾಲ್ಲೂಕಿನಲ್ಲಿ ಜನ ‘ಉಜಳೀಪರಜ್’, ‘ಕಾಳೀಪರಜ್’ ಎಂದು ಬಿಳಿ-ಕರಿ ಎರಡು ಪಾಲಾಗಿದ್ದರು. ಹಾಳಿಯ ಬಿಡುಗಡೆ ಬೇಡಿಕೆಯ ಪಟ್ಟಿಯಲ್ಲಿರಲಿಲ್ಲ. ಒಗ್ಗಟ್ಟು ಮುರಿಯಬಾರದೆಂದು ಫಿಲಡೆಲ್ಫಿಯಾದವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಗಾಂಧೀಜಿ ಕಾಳೀಪರಜರನ್ನು ‘ರಾಣೀಪರಜ್’ (ಕಾಡಿನ ಜನ) ಎಂದು ಕರೆದರು, ದುಬ್ಳಾಗಳು ‘ಹಳಪತಿ’ಗಳಾದರು, ಅಂದರೆ ನೇಗಿಲ ಒಡೆಯರು. ಹೆಸರು ಗೌರವದ್ದೇ, ಹೊಲ ಮಾತ್ರ ಬೇರೆಯವರದು.

1948ರ ಮುಂಬೈ ಗೇಣಿ ಕಾಯ್ದೆ ಗೇಣಿದಾರರ ಪರವಾಗಿ ಬಂತು. ಹಾಳಿ ಗೇಣಿದಾರನಲ್ಲ, ಆಳು. ಅವನಿಗೆ ಅದರಿಂದ ಗುಂಟೆಯೂ ದಕ್ಕಲಿಲ್ಲ.

ಜೀತ ರದ್ದತಿಯ ಸುಗ್ರೀವಾಜ್ಞೆ ಬಂದದ್ದು 1975ರ ಅಕ್ಟೋಬರಿನಲ್ಲಿ, ಕಾಯ್ದೆಯಾದದ್ದು 1976ರಲ್ಲಿ. ಕಾದಂಬರಿಕಾರ ಶಿವರಾಮ ಕಾರಂತರ ಜೀತದಾಳು ಚೋಮ ಬಿ. ವಿ. ಕಾರಂತರ ನಿರ್ದೇಶನದಲ್ಲಿ ತೆರೆಗೆ ಬಂದದ್ದೂ 1975ರಲ್ಲೇ, ಆ ವರ್ಷದ ಸ್ವರ್ಣಕಮಲ ‘ಚೋಮನ ದುಡಿ’ಗೇ. ಕಾದಂಬರಿ ಅಚ್ಚಾಗಿ ಆಗಲೇ 42 ವರ್ಷವಾಗಿತ್ತು.

ಸೂರತ್ ಸೀಮೆಯಲ್ಲಿ ಹಾಳಿ ಪದ್ಧತಿ ಹೋಯಿತು, ಹತ್ತಿಯ ಜಾಗಕ್ಕೆ ಕಬ್ಬು ಬಂತು. ಕಟಾವಿಗೆ ಖಾನದೇಶದಿಂದ, ಡಾಂಗ್‌ನಿಂದ ಜನ ಬರುತ್ತಾರೆ, ಊರಿನ ಹಳಪತಿಗಳಿಗೆ ಆ ಕೆಲಸ ಸಿಗುವುದು ಕಡಿಮೆ. ಬಂದವರ ಲೆಕ್ಕ ತಲೆಗಳಲ್ಲಿ ಅಲ್ಲ, ‘ಕೊಯ್ತಾ’ಗಳಲ್ಲಿ, ಅಂದರೆ ಕಬ್ಬು ಕಡಿಯುವ ಕತ್ತಿಗಳಲ್ಲಿ. ಗಂಡ ಕಡಿಯುತ್ತಾನೆ, ಹೆಂಡತಿ ಸುಲಿದು ಕಟ್ಟುತ್ತಾಳೆ, ಇಬ್ಬರೂ ಸೇರಿ ಒಂದು ಕೊಯ್ತಾ. ಕೂಲಿಯವರನ್ನು ಕರೆತರುವ ಮುಕಾದಮನು ಮಳೆಗಾಲದಲ್ಲೇ ಊರಿಗೆ ಹೋಗಿ ಮುಂಗಡ ಕೊಟ್ಟು ಬಂದಿರುತ್ತಾನೆ. ಹಂಗಾಮು ಮುಗಿದ ಮೇಲೂ ಮುಂಗಡ ತೀರದಿದ್ದರೆ ಬಾಕಿ ಮುಂದಿನ ವರ್ಷದ ಖಾತೆಗೆ.