ವಿರಳವೂ ದುರ್ಲಭವೂ

ಸಂಗ್ರಾಹಕರ ಬಾಯಲ್ಲಿ ‘ವಿರಳ’ ಮತ್ತು ‘ದುರ್ಲಭ’ ಎಂಬೆರಡು ಪದಗಳು ಸಮಾನಾರ್ಥಕಗಳಂತೆ ಬಳಕೆಯಾಗುತ್ತಿರುವುದುಂಟು. ವಾಸ್ತವದಲ್ಲಿ ಮೊದಲನೆಯದು ವಸ್ತುವಿನ ಸಂಖ್ಯೆಯನ್ನು ಮಾತ್ರ ಹೇಳುತ್ತದೆ. ಎರಡನೆಯದು ಅದನ್ನು ಬಯಸುವವರ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇರುವುದೇ ಕೆಲವು ಪ್ರತಿಗಳಾದರೆ ಅದು ವಿರಳ. ಪ್ರತಿಗಳು ನೂರಾರಿದ್ದರೂ ಬೇಡುವವರು ಸಾವಿರಾರು ಮಂದಿಯಾದರೆ ಅದು ದುರ್ಲಭ. ಈ ಭೇದವನ್ನು ಅಮೆರಿಕದ ಬೇಸ್‌ಬಾಲ್ ಕಾರ್ಡುಗಳ ಇತಿಹಾಸವು ಬಹು ಚೆನ್ನಾಗಿ ತಿಳಿಸಿಕೊಡುತ್ತದೆ.

ಬೇಸ್‌ಬಾಲ್ ಆ ದೇಶದ ಜನಪ್ರಿಯ ದಾಂಡುಚೆಂಡಿನ ಆಟ. ಅದರ ಆಟಗಾರರ ಚಿತ್ರಗಳನ್ನು ಸಣ್ಣ ರಟ್ಟಿನ ಮೇಲೆ ಮುದ್ರಿಸಿ, ಮೊದಲು ಸಿಗರೇಟು ಪೊಟ್ಟಣಗಳಲ್ಲಿಯೂ ಅನಂತರ ಚೂಯಿಂಗ್ ಗಮ್ ಪೊಟ್ಟಣಗಳಲ್ಲಿಯೂ ಇಟ್ಟು ಮಾರುತ್ತಿದ್ದರು. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪೆನಿಯು ಹೊರತಂದ ಐನೂರಕ್ಕೂ ಮಿಕ್ಕ ಕಾರ್ಡುಗಳ ಮಾಲೆಗೆ ‘ಟಿ-206’ ಎಂದು ಹೆಸರು. ಹಾಗೆ ಹೆಸರಿಸಿದವನು ಜೆಫರ್ಸನ್ ಬರ್ಡಿಕ್. ಮೂವತ್ತು ಸಾವಿರಕ್ಕೂ ಹೆಚ್ಚು ಬೇಸ್‌ಬಾಲ್ ಕಾರ್ಡುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯಕ್ಕೆ ದಾನವಿತ್ತು 1963ರಲ್ಲಿ ಕಾಲವಾದ ಈ ಮಹನೀಯನು ಬೆಲೆಗಾಗಿ ಸಂಗ್ರಹಿಸಿದವನಲ್ಲ.

ಈ ಮಾಲೆಯಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡಿನ ಮುದ್ರಣವು ಬೇಗನೆ ನಿಂತುಹೋಯಿತು. ತಂಬಾಕಿನ ಮೂಲಕ ಮಕ್ಕಳಿಗೆ ತನ್ನ ಚಿತ್ರ ತಲುಪುವುದು ಆತನಿಗೆ ಸರಿಬರಲಿಲ್ಲವೆಂದು ಕೆಲವರೂ, ಸಂಭಾವನೆಯ ಪ್ರಶ್ನೆಯೇ ಕಾರಣವೆಂದು ಕೆಲವರೂ ಹೇಳುತ್ತಾರೆ. (ಆತ ಸ್ವತಃ ತಂಬಾಕು ಅಗಿಯುತ್ತಿದ್ದವನೇ.) ಈಗ ತಿಳಿದಿರುವ ಪ್ರತಿಗಳು ಸುಮಾರು 50ರಿಂದ 60. ಅದರಲ್ಲೊಂದು 2022ರ ಆಗಸ್ಟಿನಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಇದು ವಿರಳವೂ ಹೌದು, ದುರ್ಲಭವೂ ಹೌದು.

ಆದರೆ ಇದಕ್ಕಿಂತಲೂ ಕಡಮೆ ಸಂಖ್ಯೆಯಲ್ಲಿ ಉಳಿದಿರುವ ಪ್ರಾಂತೀಯ ಕಾರ್ಡುಗಳು ಎಷ್ಟೋ ಇವೆ. ಆ ಆಟಗಾರರ ಹೆಸರನ್ನು ಕೇಳಿದವರಿಲ್ಲ. ಆದುದರಿಂದ ಕೊಳ್ಳುವವರೂ ಇಲ್ಲ. ವಿರಳತೆಯೊಂದೇ ಬೆಲೆಯನ್ನು ತಂದುಕೊಡಲಾರದು.

ಇದಕ್ಕೆ ವಿರುದ್ಧವಾದದ್ದು 1952ರಲ್ಲಿ ಟಾಪ್ಸ್ ಕಂಪೆನಿ ಹೊರತಂದ ಮಿಕಿ ಮ್ಯಾಂಟಲ್‌ನ ಕಾರ್ಡು. ಅದರ ಕಂತು ಮಾರುಕಟ್ಟೆಗೆ ಬರುವಷ್ಟರಲ್ಲಿ ಆಟದ ಋತುವು ಮುಗಿಯುತ್ತ ಬಂದಿತ್ತು. ಮಾರಾಟವಾಗದ ಪೆಟ್ಟಿಗೆಗಳನ್ನು ಕಂಪೆನಿಯ ಸೈ ಬರ್ಗರ್ 1960ರಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದನು! ಆದರೂ ಅಚ್ಚಿನ ಹಾಳೆಯಲ್ಲಿ ಮ್ಯಾಂಟಲ್‌ನ ಚಿತ್ರವು ಎರಡು ಸಲ ಬಂದಿದ್ದುದರಿಂದ, ಅದೇ ಕಂತಿನ ಬಹುತೇಕ ಕಾರ್ಡುಗಳಿಗಿಂತ ಅದೇ ಹೆಚ್ಚು ಉಳಿದಿದೆ. ವಿರಳವೆನ್ನಲು ಬರುವುದಿಲ್ಲ. ಆದರೂ ಕಲೆಯಿಲ್ಲದ, ಮೂಲೆ ಮುರಿಯದ ಒಂದು ಪ್ರತಿಗೆ 2022ರ ಆಗಸ್ಟಿನಲ್ಲಿಯೇ 126 ಲಕ್ಷ ಡಾಲರು ಬಂದಿತು. ಮ್ಯಾಂಟಲ್‌ನ ಕೀರ್ತಿಯಿಂದಾಗಿ ಬೇಡುವವರು ಅಪಾರ. ಮಕ್ಕಳ ಕೈಯಲ್ಲಿ ಸವೆಯದೆ ಉಳಿದ ಪ್ರತಿಗಳಾದರೋ ತೀರ ಕೆಲವು.

ಇಂತಹ ಬೆಲೆಗಳ ಸುದ್ದಿ ಹರಡಿದಂತೆ 1980ರ ದಶಕದ ಕೊನೆಯ ವರ್ಷಗಳಲ್ಲಿ ಅನೇಕ ತಂದೆತಾಯಿಗಳು ಮಕ್ಕಳ ವಿದ್ಯಾಭ್ಯಾಸಕ್ಕಾದೀತೆಂದು ಹೊಸ ಕಾರ್ಡುಗಳ ಪೆಟ್ಟಿಗೆಗಳನ್ನೇ ಕೊಂಡಿಟ್ಟರು. ಕಂಪೆನಿಗಳು ಮಿತಿಯಿಲ್ಲದೆ ಅಚ್ಚುಹಾಕಿದವು. ಹಿಂದಿನ ಕಾರ್ಡುಗಳು ಬೆಲೆಬಾಳುವುದು ಬಹುಜನರು ಅವನ್ನು ಕಸಕ್ಕೆಸೆದುದರಿಂದ; ಇವನ್ನಾದರೋ ಯಾರೂ ಎಸೆಯಲಿಲ್ಲ. ಅಂದು ಬಿಗಿದ ಪೆಟ್ಟಿಗೆಗಳು ಎಷ್ಟೋ ಮನೆಗಳ ಅಟ್ಟಗಳಲ್ಲಿ ಇಂದಿಗೂ ಬಿಚ್ಚದೆ ಇವೆ, ಮತ್ತು ಅವುಗಳಲ್ಲಿ ಹೆಚ್ಚಿನವಕ್ಕೆ ಕೊಳ್ಳುವವರಿಲ್ಲ.