ಕಣ್ಣಿಗೆ ಹುಲ್ಲು ಹೊಡೆದಾಗ ಮನೆಯಲ್ಲಿರೋ ಹಳೇ ಡ್ರಾಪ್ಸ್ ಬಿಡಬೇಡಿ

ಈ ವಾರ ಗಿಡದ ರೋಗಕ್ಕೆ ರಜೆ, ನಮ್ಮ ಕಣ್ಣಿನ ವಿಚಾರ ಬರೀತೀನಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ತೋಟ ಮಾಡುವವರ ಕಣ್ಣಿಗೆ ಏನಾದರೂ ಬೀಳುತ್ತಲೇ ಇರುತ್ತೆ. ದೋಟಿ ಹಿಡಿದು ತಲೆ ಎತ್ತಿದರೆ ಮೇಲಿಂದ ಕಸ, ಗದ್ದೆಗಿಳಿದರೆ ಭತ್ತದ ಗರಿ.

ಎರಡು ವರ್ಷದ ಹಿಂದೆ ಮಿಷನ್ನಲ್ಲಿ ಕಳೆ ಹೊಡೆಯುವಾಗ ನನ್ನ ಬಲಗಣ್ಣಿಗೆ ಹುಲ್ಲಿನ ಚೂರು ಬಡಿಯಿತು. ಬೆವರಿಗೆ ಮಬ್ಬಾಗುತ್ತೆ ಅಂತ ಕನ್ನಡಕ ತೆಗೆದಿಟ್ಟಿದ್ದೆ. ಅಪ್ಪನ ಪೊರೆ ಆಪರೇಷನ್ ಆದಾಗ ಬರೆದುಕೊಟ್ಟಿದ್ದ ಡ್ರಾಪ್ಸ್ ಫ್ರಿಡ್ಜಲ್ಲಿ ಉಳಿದಿತ್ತು, ಅದನ್ನೇ ಬಿಟ್ಟುಕೊಂಡೆ. ಎರಡು ದಿನ ಕೆಂಪು ಇಳಿಯಿತು, ಉರಿಯೂ ಕಡಿಮೆ. ಐದನೇ ದಿನ ಬೆಳಕು ನೋಡಲು ಆಗುತ್ತಿಲ್ಲ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಘಾಟಿ ಇಳಿದು ಮಣಿಪಾಲಕ್ಕೆ ಹೋದೆ. ಕಣ್ಣಿನ ಡಾಕ್ಟ್ರು ಚುಕ್ಕೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಶಿಲೀಂಧ್ರ ಅಂದರು.

ಬಾಳೆಯ ಸೊರಗು ರೋಗದ ಪಾಠದಲ್ಲಿ ಫ್ಯುಸೇರಿಯಂ ಬಗ್ಗೆ ಬರೆದು ಪಾಸಾದವನು ನಾನು. ಅದೇ ಗುಂಪಿನ ಶಿಲೀಂಧ್ರಗಳು ಹುಲ್ಲು, ಎಲೆಯ ಗಾಯದ ಮೂಲಕ ಕಣ್ಣಿಗೂ ಇಳಿಯುತ್ತವೆ ಅನ್ನೋದು ಹೊಳೆದಿರಲಿಲ್ಲ! ಅಪ್ಪನ ಬಾಟಲಿಯಲ್ಲಿ ಇದ್ದದ್ದು ಆ್ಯಂಟಿಬಯೋಟಿಕ್ ಜೊತೆಗೆ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡ್. ಆಪರೇಷನ್ ಆದ ಕಣ್ಣಿಗೆ ಅದು ಬೇಕಾದ ಔಷಧಿಯೇ. ಆದರೆ ಕೆಂಪಾಗುವುದು ಅಂದರೆ ನಮ್ಮ ದೇಹ ಸೋಂಕಿನ ಜೊತೆ ಹೋರಾಡುತ್ತಿದೆ ಅಂತ. ಸ್ಟೀರಾಯ್ಡ್ ಆ ಹೋರಾಟವನ್ನೇ ಅದುಮುತ್ತೆ, ಆ್ಯಂಟಿಬಯೋಟಿಕ್ ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಅಲ್ಲಿಗೆ ರೋಗಕ್ಕೆ ಬೇಲಿ ತೆಗೆದುಕೊಟ್ಟ ಹಾಗಾಯ್ತು. ಇನ್ನು ಅಲರ್ಜಿಗೆ ಅಂತ ಹಳೇ ಚೀಟಿ ತೋರಿಸಿ ತಿಂಗಳುಗಟ್ಟಲೆ ಸ್ಟೀರಾಯ್ಡ್ ಬಿಟ್ಟುಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು.

ನನಗೆ ಕೊಟ್ಟದ್ದು ನಾಟಮೈಸಿನ್ ಡ್ರಾಪ್ಸ್. ಮೊದಲು ಗಂಟೆಗೊಂದು ಸಲ, ಆಮೇಲೆ ಡಾಕ್ಟ್ರು ಹೇಳಿದಂತೆ ಕಡಿಮೆ ಮಾಡುತ್ತಾ ಒಂದೂವರೆ ತಿಂಗಳು. ತಳದಲ್ಲಿ ಔಷಧಿ ಕೂರುವುದರಿಂದ ಪ್ರತಿ ಸಲ ಚೆನ್ನಾಗಿ ಅಲುಗಾಡಿಸಬೇಕು.

ಬಿಡುವ ಕ್ರಮದಲ್ಲೂ ತಪ್ಪು ಮಾಡುತ್ತೇವೆ. ಎಲೆಗೆ ಸುಣ್ಣ ಹಚ್ಚಿದ ಬೆರಳಲ್ಲಿ ಕಣ್ಣು ಮುಟ್ಟಬೇಡಿ, ಸೋಪಿನಲ್ಲಿ ಕೈ ತೊಳೀರಿ. ಕೆಳರೆಪ್ಪೆ ಎಳೆದು ಒಂದೇ ಹನಿ ಸಾಕು, ಎರಡನೆಯದು ಕೆನ್ನೆಗೆ. ಬಾಟಲಿ ತುದಿ ರೆಪ್ಪೆಗೆ ತಾಗಬಾರದು. ಕಣ್ಣು ಮುಚ್ಚಿ ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಔಷಧಿ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತೆ. ಎರಡು ಬಗೆ ಡ್ರಾಪ್ಸ್ ಇದ್ದರೆ ನಡುವೆ ಐದು ನಿಮಿಷ ಬಿಡಿ. ತೆರೆದ ದಿನಾಂಕವನ್ನು ಬಾಟಲಿ ಮೇಲೆ ಬರೆಯಿರಿ; ಸಾಮಾನ್ಯವಾಗಿ ತೆರೆದು ಒಂದು ತಿಂಗಳಾದ ಮೇಲೆ, ಉಳಿದಿದ್ದರೂ ಎಸೆಯಬೇಕು.

ಬೋರ್ಡೋ ಸಿಡಿದರೆ ಮಾತ್ರ ಮೊದಲ ಮದ್ದು ನೀರು. ಶೇಕಡಾ 1ರ ದ್ರಾವಣದ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ ಹಾಕುತ್ತೇವಲ್ಲ, ಆ ಸುಣ್ಣವೇ ಕಣ್ಣಿಗೆ ದೊಡ್ಡ ಅಪಾಯ. ಸುಣ್ಣ ಕಲಸುವಾಗ ಸಿಡಿದರೆ ಇನ್ನೂ ಕೆಟ್ಟದ್ದು. ಡ್ರಾಪ್ಸ್ ಹುಡುಕುತ್ತಾ ಕೂರದೆ ರೆಪ್ಪೆ ಬಿಡಿಸಿ ಹರಿಯುವ ನೀರಲ್ಲಿ ಕನಿಷ್ಠ 20 ನಿಮಿಷ ತೊಳೆದು ಆಸ್ಪತ್ರೆಗೆ ಹೊರಡಿ.

ಕಣ್ಣು ಉಳಿಯಿತು. ಸಣ್ಣ ಕಲೆ ನಿಂತಿದೆ, ರಾತ್ರಿ ಎದುರು ಗಾಡಿ ಬಂದರೆ ಬೆಳಕು ಚೆದುರುತ್ತೆ. ನೀವು ಈಗಾಗಲೇ ಮನೆಯಲ್ಲಿದ್ದ ಡ್ರಾಪ್ಸ್ ಬಿಟ್ಟುಕೊಂಡಿದ್ದರೆ ಡಾಕ್ಟ್ರ ಹತ್ತಿರ ಮುಚ್ಚಿಡಬೇಡಿ. ಆ ಬಾಟಲಿಯನ್ನೇ ಜೇಬಿಗೆ ಹಾಕಿಕೊಂಡು ಹೋಗಿ, ಎಷ್ಟು ದಿನ ಬಿಟ್ಟಿರಿ ಅಂತಲೂ ಹೇಳಿ.